ಕಿಟಕಿಯಿಂದ ಕಲಿತ ಗಾಲ್ಫ್

ನಮ್ಮ ಬಚ್ಚಲಿನ ತಾಮ್ರದ ಹಂಡೆಯ ಎಡ ಮಗ್ಗುಲಲ್ಲಿ, ಕಂಠದಿಂದ ನಾಲ್ಕು ಬೆರಳು ಕೆಳಗೆ, ಒಂದು ಗುಂಡನೆಯ ತಗ್ಗು ಇದೆ. ಅರ್ಧ ಕೊಯ್ದ ನಿಂಬೆಹಣ್ಣು ಅದರಲ್ಲಿ ಸರಿಯಾಗಿ ಕೂಡುತ್ತದೆ, ಇಟ್ಟು ನೋಡಿದ್ದೇನೆ. ಮನೆಗೆ ಬಂದ ಬೀಗರು ಕೇಳಿದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, "ಓಣ್ಯಾಗಿನ ಹುಡುಗರು ಕಲ್ಲ ಒಗದಾವ್ರಿ" ಎಂದು ಹೇಳಿ ಮುಗಿಸುತ್ತಾಳೆ. ಓಣಿಯ ಹುಡುಗರ ಕಲ್ಲು ಬಚ್ಚಲಿನೊಳಗೆ ಹೇಗೆ ಬಂತೆಂದು ಇದುವರೆಗೆ ಯಾವ ಬೀಗರೂ ಕೇಳಿಲ್ಲ. ಆ ತಗ್ಗು ಮಾಡಿದವಳು ನಾನು. ಆಗ ನನಗೆ ಇಪ್ಪತ್ಮೂರು ವರ್ಷ, ಧಾರವಾಡದಲ್ಲಿ ಗಣಿತದ ಎಂ.ಎ. ಮುಗಿಸಿ ಬಂದಿದ್ದೆ. ನಾನು ಗುರಿ ಇಟ್ಟದ್ದು ಹಂಡೆಗೆ ಅಲ್ಲ. ಅಂಗಳದ ಆಚೆ ತುದಿಯಲ್ಲಿದ್ದ ಒಂದು ಬುಟ್ಟಿಗೆ. ಚೆಂಡು ಒರಳುಕಲ್ಲಿಗೆ ಬಡಿದು, ಅಲ್ಲಿಂದ ತಿರುಗಿ, ನನ್ನ ಕಿವಿಯ ಪಕ್ಕದಲ್ಲೇ ಹಾದು ಬಚ್ಚಲಿಗೆ ಹೋಯಿತು.

ಗಾಲ್ಫ್ ಎಂಬ ಆಟ ರೋಣ ತಾಲೂಕಿಗೆ ಬಂದ ಬಗೆ ಹೇಳದೆ ಹೋದರೆ ಇದು ನಿಮಗೆ ಸುಳ್ಳು ಅನ್ನಿಸೀತು.

ನನ್ನ ಕಾಕಾ, ಅಪ್ಪನ ತಮ್ಮ, ಯುದ್ಧದ ಕಾಲದಲ್ಲಿ ಬೆಳಗಾವಿಯ ದಂಡಿನ ಕಚೇರಿಯಲ್ಲಿ ಕಾರಕೂನನಾಗಿದ್ದ. ಅಲ್ಲಿಯ ಸಾಹೇಬನೊಬ್ಬ ವಿಲಾಯಿತಿಗೆ ಹೊರಟಾಗ ಸಾಮಾನು ಹಂಚಿದನಂತೆ. ದೊಡ್ಡ ಕಾರಕೂನನಿಗೆ ಗೋಡೆ ಗಡಿಯಾರ, ಅಡಿಗೆಯವನಿಗೆ ಉಣ್ಣೆಯ ಕೋಟು, ನಮ್ಮ ಕಾಕಾನಿಗೆ ಒಂದು ಗಾಲ್ಫ್ ಕೋಲು ಮತ್ತು ಮೂರು ಚೆಂಡು. ಕಾಕಾ ಗಡಿಯಾರದ ಮೇಲೆ ಆಸೆ ಇಟ್ಟಿದ್ದ. ಆದರೆ ಕೈಗೆ ಬಂದದ್ದನ್ನು ತಾನೇ ಹೊಗಳದಿದ್ದರೆ ಊರವರು ಹೊಗಳುತ್ತಾರೆಯೇ? ಅಂದಿನಿಂದ ಅವನು ಗಡಿಯಾರವನ್ನು ಜರಿಯುತ್ತ, ಕೋಲನ್ನು ಹೊಗಳುತ್ತ ನಮ್ಮ ಊರಾದ ರಾಜೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ.

ಕೋಲಿಗೆ ಸಪೂರವಾದ ಉದ್ದನೆಯ ಕಾವು, ತುದಿಯಲ್ಲಿ ಓರೆಯಾದ ಕಬ್ಬಿಣದ ಅಲಗು. ಅದನ್ನು ಮೊದಲ ಸಲ ನೋಡಿದಾಗ ಆಯಿ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಇದು ಕಸಾ ತಗಿಯೋ ಕುರ್ಪಿ ಅಲ್ಲೇನೋ? ಇಷ್ಟ ಉದ್ದ ಕಾವು ಯಾಕ ಹಾಕ್ಯಾರ?"

"ಸಾಹೇಬ್ರು ಬಗ್ಗೂದಿಲ್ಲಬೇ," ಅಂದ ಕಾಕಾ.

"ಅದಕ್ಕ ಮತ್ತ ರಾಜ್ಯಾ ಹೋತು," ಅಂದಳು ಆಯಿ.

ನಾನು ಓದು ಮುಗಿಸಿ ಬಂದ ವರ್ಷ ಅಪ್ಪ, ಅವ್ವ ನರಗುಂದದಲ್ಲಿದ್ದರು. ಅಪ್ಪನಿಗೆ ಅಲ್ಲಿ ಮಾಸ್ತರಿಕೆ. ಬಾಡಿಗೆ ಮನೆ, ಎರಡೇ ಖೋಲಿ. ಹೀಗಾಗಿ ನೌಕರಿಯ ಕಾಗದ ಬರುವ ತನಕ ನಾನು ರಾಜೂರಿನಲ್ಲಿ ಆಯಿ, ಕಾಕಾರ ಜತೆ ಇರಬೇಕೆಂದು ಠರಾವಾಯಿತು. ಹಳ್ಳಿಯ ಮನೆಯಲ್ಲಿ ಎಲ್ಲ ಸಿಗುತ್ತದೆ. ಒಬ್ಬಳೇ ಇರುವುದಕ್ಕೆ ಒಂದು ಮೂಲೆ ಸಿಗುವುದಿಲ್ಲ. ಪುಸ್ತಕ ತೆಗೆದರೆ ಯಾರೋ ಬಂದು "ಏನ ಓದಾಕತ್ತೀರಿ ಅಕ್ಕಾರ, ಜರಾ ಜೋರಲೆ ಓದ್ರಿ" ಅನ್ನುವರು. ಕಲನಶಾಸ್ತ್ರವನ್ನು ಜೋರಾಗಿ ಓದುವುದು ಕಷ್ಟ. ಒಂದು ದಿನ ಸಂಜೆ ಕಾಕಾ ನನ್ನ ಮುಖ ನೋಡಿ ಕೋಲು ತಂದು ಕೈಗಿತ್ತ. "ಹೊತ್ತ ಹೋಗತೈತಿ, ಆಡು."

ನಾನು ಆರಿಸಿಕೊಂಡದ್ದು ಚಿಪ್ ಎಂಬ ಹೊಡೆತವನ್ನು. ಆರಿಸಿಕೊಂಡೆ ಅನ್ನುವುದು ಜಂಬ. ಆ ಕೋಲು ಅದೊಂದಕ್ಕೇ ಆಗುವಂಥದು. ಚೆಂಡು ಬೀಳಬೇಕಾದ ಕುಣಿಯ ಸಮೀಪ ಬಂದ ಮೇಲೆ ಅದನ್ನು ಮೆಲ್ಲಗೆ ಹೊಡೆಯಬೇಕು. ಅದು ಸ್ವಲ್ಪ ಹಾರಬೇಕು, ಬಹಳ ಉರುಳಬೇಕು, ಕುಣಿಯ ಹತ್ತಿರ ಹೋಗಿ ಸಾಕು ಅನ್ನುವಂತೆ ನಿಲ್ಲಬೇಕು. ಜೋರಿಲ್ಲ, ಗದ್ದಲವಿಲ್ಲ. ನನ್ನ ಸ್ವಭಾವಕ್ಕೆ ಒಗ್ಗುವ ಹೊಡೆತ. ಚೆಂಡಿನ ಸ್ವಭಾವಕ್ಕೆ ಒಗ್ಗಲಿಲ್ಲ, ಅಷ್ಟೇ.

ಹಂಡೆಯ ಪ್ರಕರಣವಾದ ಮೇಲೆ ಆಯಿ ನನ್ನನ್ನು ಅಂಗಳದಿಂದ ಹೊರಗೆ ಹಾಕಿದಳು. ನಾನು ಊರ ಹೊರಗಿನ ನಮ್ಮ ಕಣಕ್ಕೆ ಹೋದೆ. ಆಗ ಸುಗ್ಗಿ ಮುಗಿದು ರಾಶಿಯೆಲ್ಲ ಮನೆ ಸೇರಿತ್ತು. ನೀರು ಹೊಡೆದು, ದನ ತುಳಿಸಿ, ಸೆಗಣಿ ಸಾರಿಸಿದ ಕಣ ಕನ್ನಡಿಯ ಹಾಗೆ ಬಿದ್ದುಕೊಂಡಿತ್ತು. ಒಕ್ಕುವಾಗ ಎತ್ತುಗಳು ಸುತ್ತುವ ಮೇಟಿಕಂಬವನ್ನು ಕಿತ್ತಿಟ್ಟಿದ್ದರು. ನಟ್ಟನಡುವೆ ಅದರ ಕುಣಿ, ಗೇಣಗಲ, ಮೊಳದಾಳ. ಗಾಲ್ಫಿನವರು ಹಣ ಸುರಿದು ಮಾಡಿಸುವುದನ್ನು ನಮ್ಮ ಎತ್ತುಗಳು ಪುಕ್ಕಟೆ ಮಾಡಿಟ್ಟಿದ್ದವು. ಕಣದ ಸುತ್ತ ಜೋಳದ ಕೂಳೆ, ಅದರಾಚೆ ಬಿಸಿಲಿಗೆ ಬಾಯಿ ಬಿಟ್ಟ ಎರೆಹೊಲ. ನಮ್ಮ ಎರೆಯ ಬಿರುಕು ಬಲ್ಲವರು ಬಲ್ಲರು: ಮೊಳಕೈತನಕ ಕೈ ಇಳಿಯುತ್ತದೆ, ತಳ ಸಿಗುವುದಿಲ್ಲ. ಮೊದಲ ವಾರದಲ್ಲೇ ಮೂರರಲ್ಲಿ ಒಂದು ಚೆಂಡು ಅಂಥದರಲ್ಲಿ ಇಳಿದು ಪಾತಾಳ ಸೇರಿತು.

ಊರಲ್ಲಿ ಮಾತು ಹುಟ್ಟಿತು. ಎಂ.ಎ. ಓದಿದ ಹುಡುಗಿ ದಿನಾ ಕಣದಲ್ಲಿ ಕೋಲು ಬೀಸುತ್ತಾಳೆ ಅಂದರೆ ಸುಮ್ಮನೆ ಆಗುತ್ತದೆಯೇ? ಸರಕಾರದವರು ಹೊಲ ಅಳೆಯಲು ಕಳಿಸಿದ್ದಾರೆ ಎಂದು ಕೆಲವರು. ಆಯಿ ಮಾತ್ರ ಬಾವಿಕಟ್ಟೆಯ ಮೇಲೆ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದಳು: "ಧಾರವಾಡ ದವಾಖಾನಿ ಡಾಕ್ಟರ್ ಹೇಳ್ಯಾನು. ಹೊಟ್ಟಿನೋವಿಗೆ." ಅಂದಿನಿಂದ ಎದುರಾದವರೆಲ್ಲ ನನ್ನ ಹೊಟ್ಟೆಯ ಕ್ಷೇಮ ವಿಚಾರಿಸತೊಡಗಿದರು. ಅದೇನೇ ಇರಲಿ, ಸಂಜೆಯ ಆ ಅರ್ಧ ತಾಸು ನನಗೆ ಸಿಕ್ಕಿತು. ಇಡೀ ದಿನದಲ್ಲಿ ನನ್ನದು ಅನ್ನುವಂಥದು ಅದೊಂದೇ. ಯಾರೂ ಜೋರಾಗಿ ಓದು ಅನ್ನುತ್ತಿರಲಿಲ್ಲ. ರೋಗಿಯ ಹತ್ತಿರ ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೆ?

ಕಲಿಸುವವನು ಕಾಕಾ. "ಎಡಭುಜಾ ಚೆಂಡಿನ ಕಡೆ ಮಾಡು. ಗದ್ದ ಎತ್ತು. ಹೊಡದ ಮ್ಯಾಲ ಒಂದ ಗಳಿಗಿ ದೂರ ನೋಡಕೋತ ನಿಂದ್ರು." ಹೆಗಲು, ಕುತ್ತಿಗೆ, ಟೊಪ್ಪಿಗೆ, ಎಲ್ಲದರ ಬಗ್ಗೆಯೂ ಅವನಿಗೆ ಖಚಿತ ಜ್ಞಾನ. ಹೇಳಿದಂತೆಯೇ ಮಾಡಿದೆ. ನನ್ನ ನಿಲುವು ಸಾಹೇಬರದೇ ಆಯಿತು. ಚೆಂಡು ಮಾತ್ರ ಒಮ್ಮೆ ಮುಂದಕ್ಕೆ ಮೊಳ ಹೋದರೆ ಒಮ್ಮೆ ಕಣ ದಾಟಿ ಕೂಳೆಯಲ್ಲಿ ಬೀಳುತ್ತಿತ್ತು. ಮೂರು ವಾರ ಆದ ಮೇಲೆ ಕೇಳಿದೆ:

"ಕಾಕಾ, ಕೋಲು ಚೆಂಡಿಗೆ ಬಡಿಯೂ ಹೊತ್ತಿನಾಗ ಹ್ಯಾಂಗ ಇರತೈತಿ?"

ಕಾಕಾ ಗಜೇಂದ್ರಗಡದ ಗುಡ್ಡದ ಕಡೆ ನೋಡಿದ. ಆಮೇಲೆ ಮೀಸೆ ಒರೆಸಿಕೊಂಡ.

"ಅದು ಕಾಣತಿದ್ದಿಲ್ಲವಾ."

"ಕಾಣತಿದ್ದಿಲ್ಲ ಅಂದ್ರ?"

"ನಾ ಆಫೀಸಿನ ಖಿಡಕ್ಯಾಗಿಂದ ನೋಡತಿದ್ನಿ. ಖಿಡಕಿ ಕಟ್ಟಿ ಎತ್ತರ ಇತ್ತು. ಟೊಂಕದಿಂದ ಮ್ಯಾಲಿಂದಷ್ಟ ಕಾಣತಿತ್ತು."

ಆರು ವರ್ಷ ಗಾಲ್ಫ್ ನೋಡಿದ ನನ್ನ ಗುರು ಒಂದು ದಿನವೂ ಚೆಂಡನ್ನು ನೋಡಿರಲಿಲ್ಲ.

ನನ್ನ ತಪ್ಪು ಎಲ್ಲಿದೆ ಎಂದು ನಾನೇ ಹುಡುಕಬೇಕಾಯಿತು. ಅದರ ಬೇರು ನನ್ನ ಬಾಲ್ಯದಲ್ಲಿತ್ತು. ಹನ್ನೆರಡು ವರ್ಷದವರೆಗೆ ನಾನು ಓಣಿಯಲ್ಲಿ ಚಿಣ್ಣಿದಾಂಡು ಆಡುತ್ತಿದ್ದೆ, ಹುಡುಗರಿಗಿಂತ ಚಲೋ ಆಡುತ್ತಿದ್ದೆ. ಇದನ್ನು ಧಾರವಾಡದ ಗೆಳತಿಯರಿಗೂ ಹೇಳಿಲ್ಲ. ಚಿಣ್ಣಿಯನ್ನು ಅಡಿಯಿಂದ ಚಿಮ್ಮಿಸಿ ಎತ್ತಬೇಕು. ಆ ಚಾಳಿ ಮಣಿಕಟ್ಟಿನಲ್ಲಿ ಉಳಿದುಬಿಟ್ಟಿತ್ತು. ಚೆಂಡು ಕಂಡ ಕೂಡಲೇ ನನ್ನ ಕೈ ಅದನ್ನು ಕೆಳಗಿನಿಂದ ಎತ್ತಲು ಹೋಗುತ್ತಿತ್ತು.

ಬಾಲ್ಯದ ಚಾಳಿ ಬಿಡುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಇದೆ. ನಮ್ಮ ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಅಳೆಯುವಾಗ ಯಾರೂ ಮಾತಾಡಬಾರದು. ಮುಗಿಯಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. ಅಳೆದದ್ದನ್ನು ತಿರುಗಿ ಅಳೆಯಬಾರದು, ಅಳೆದರೆ ರಾಶಿ ಕುಂದುತ್ತದೆ. ನಾನು ಎಣಿಕೆ ಕಲಿತದ್ದು ಅಲ್ಲಿಯೇ. ನರೇಗಲ್ಲಿನ ಸಾಲಿಗೆ ಹೋದ ಮೊದಲ ದಿನ ಮಾಸ್ತರರು ಎಣಿಸು ಅಂದಾಗ, "ಲಾಭ, ಎರಡು, ಮೂರು" ಎಂದೆ. ಅವರೂ ಒಕ್ಕಲಿಗರ ಮನೆಯವರು; ಬೈಯಲಿಲ್ಲ, ಕೈ ಮುಗಿದರು. ಈಗಲೂ ಮೆಟ್ಟಿಲು ಹತ್ತುವಾಗ ನನ್ನ ಮನಸ್ಸು ಲಾಭ ಎಂದೇ ಶುರುಮಾಡುತ್ತದೆ. ನನ್ನ ಪರೀಕ್ಷಕರಿಗೆ ಇದು ಗೊತ್ತಿಲ್ಲ.

ಇರಲಿ, ಚಿಪ್ ಹೊಡೆತಕ್ಕೆ ಬರುತ್ತೇನೆ. ಅದರ ಗುಟ್ಟು ಹೇಳಿಕೊಟ್ಟವಳು ಆಯಿ. ಒಂದು ಸಂಜೆ ಕಣದ ಅಂಚಿನಲ್ಲಿ ಕುಳಿತು ಕುರ್ಪಿಯಿಂದ ಕರಿಕೆ ತೆಗೆಯುತ್ತಿದ್ದಳು. ನನ್ನ ನಾಲ್ಕು ಹೊಡೆತ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಏನ ಅಂತ ಎತ್ತತೀಯೇ ಅದನ್ನ? ಕೂಸೇನು ಎತ್ತಾಕ? ಇಲ್ಲಿ ನೋಡು." ಕುರ್ಪಿಯನ್ನು ನೆಲಕ್ಕೆ ಓರೆಯಾಗಿ ಇಳಿಸಿ ಮುಂದಕ್ಕೆ ಒತ್ತಿದಳು. ಕರಿಕೆ ತಾನಾಗಿ ಮೇಲೆ ಹಾರಿತು. "ನಾ ಎತ್ತಿದ್ನೇನು? ಅಲಗು ಕೆಳಗ ಹೋತು, ಹುಲ್ಲು ಮ್ಯಾಲ ಬಂತು. ಭಾರ ಮುಂದಿನ ಕಾಲಿನ ಮ್ಯಾಲ ಹಾಕು. ಮಣಿಕಟ್ಟು ಬಿಗಿ ಹಿಡಿ. ಕೈ ಮುಂದ ಇರಲಿ, ಅಲಗು ಹಿಂದ ಬರಲಿ."

ಹಾಗೆಯೇ ಮಾಡಿದೆ. ಟಕ್ ಎಂದು ಸಣ್ಣ ಸಪ್ಪಳ. ಚೆಂಡು ಗುಬ್ಬಿಯ ಹಾಗೆ ಒಮ್ಮೆ ಕುಪ್ಪಳಿಸಿ, ಕಣದ ಮೇಲೆ ಉರುಳುತ್ತ ಉರುಳುತ್ತ ಮೇಟಿಕುಣಿಯ ಹತ್ತಿರ ನಿಂತಿತು. ಆಯಿ ನೋಡಲೂ ಇಲ್ಲ. ಮುಂದಿನ ಕರಿಕೆಗೆ ಹೋಗಿದ್ದಳು. ಒಂದು ತಿಂಗಳಲ್ಲಿ ಹತ್ತಕ್ಕೆ ಆರು ಚೆಂಡು ಕುಣಿಯಿಂದ ಮೊಳದೊಳಗೆ ನಿಲ್ಲುವಂತಾಯಿತು. ಕಾಕಾ ಇದನ್ನು ತನ್ನ ಶಿಕ್ಷಣದ ಫಲ ಎಂದು ಊರಲ್ಲಿ ಹೇಳಿಕೊಂಡ.

ಊರಲ್ಲಿ ಹೇಳಿದ್ದರೆ ಚಿಂತೆ ಇರಲಿಲ್ಲ. ಗಜೇಂದ್ರಗಡದಲ್ಲಿಯೂ ಹೇಳಿದ. ಅಲ್ಲಿ ಅವನ ಸ್ನೇಹಿತರೊಬ್ಬರು ರಿಟಾಯರ್ ಆದ ಮಾಮಲೇದಾರರು. ನೌಕರಿಯ ಕಾಲದಲ್ಲಿ ಸಾಹೇಬರ ಜತೆ, ಸಾಹೇಬರದೇ ಕೋಲಿನಿಂದ, ಖರೇನೇ ಗಾಲ್ಫ್ ಆಡಿದವರು. ಈಗ ಕೈಯಲ್ಲಿ ಆಟ ಇತ್ತು, ಕೋಲು ಇರಲಿಲ್ಲ. ನಮ್ಮ ಕೋಲಿನ ಮೇಲೆ ಅವರಿಗೆ ಎಷ್ಟೋ ವರ್ಷದ ಕಣ್ಣು.

ಒಂದು ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತ ಅಂದರು: "ನಿನಗ್ಯಾಕಪಾ ಆ ಕೋಲು? ಬೆಕ್ಕಿಗೆ ಜನಿವಾರ ಹಾಕಿಧಂಗ. ನನಗ ಕೊಡು."

ಕಾಕಾನ ಮೂಗು ಕೆಂಪಾಯಿತು. "ನಮ್ಮ ಹುಡುಗಿ ಕೂಡ ಆಡ್ರಿ ಸಾಹೇಬ್ರ. ಗೆದ್ರ ಒಯ್ಯಿರಿ. ಸೋತ್ರ ಮತ್ತ ಈ ಜನ್ಮದಾಗ ಕೋಲಿನ ಹೆಸರ ತಗೀಬಾರದು."

ನಾನು ಎರಡನೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಶರತ್ತಿಗೆ ಬಿದ್ದದ್ದು ಕಾಕಾನ ಕೋಲು. ಹೋಗುವುದು ನನ್ನ ಅರ್ಧ ತಾಸು. ನನ್ನನ್ನು ಯಾರೂ ಕೇಳಲಿಲ್ಲ. ಬೇಡ ಅನ್ನಬಹುದಿತ್ತು. ಆದರೆ ಮಾಮಲೇದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈಕಿನಾ? ಹೊಟ್ಟಿನೋವು ಕಮ್ಮಿ ಆತೇನವಾ?" ಅಂದರು. ಬೇಡ ಅನ್ನುವ ಮನಸ್ಸು ಹೋಯಿತು. "ಕಮ್ಮಿ ಆಗೇತ್ರಿ" ಎಂದು ಬಟ್ಟಲು ಕೆಳಗಿಟ್ಟೆ.

ಆಟಕ್ಕೆ ಗೊತ್ತುಮಾಡಿದ ದಿನ ಸಂಜೆ ಕಣದ ಸುತ್ತ ಅರ್ಧ ಊರು ನೆರೆದಿತ್ತು. ಎಣಿಸಲು ಹುಸೇನಜ್ಜ. ಮೂವತ್ತು ವರ್ಷ ನಮ್ಮ ಕಣದ ರಾಶಿ ಅಳೆದವನು, ನನ್ನನ್ನು ತಂಗೆವ್ವ ಎಂದು ಕರೆಯುವವನು. ಅವನ ಎಣಿಕೆ ತಪ್ಪಿತೆಂದು ಇದುವರೆಗೆ ಯಾರೂ ಅಂದಿಲ್ಲ. ಮಡಿಲಲ್ಲಿ ಹುಣಸೆಬೀಜ ಇಟ್ಟುಕೊಂಡು ಮಂಡಿಗಾಲಲ್ಲಿ ಕುಳಿತ. ಒಂದು ಹೊಡೆತಕ್ಕೆ ಒಂದು ಬೀಜ. ಮಾಮಲೇದಾರರದು ಎಡಕ್ಕೆ, ನನ್ನದು ಬಲಕ್ಕೆ. ಕಣದ ಸುತ್ತ ಮೂರು ಕಡೆಯಿಂದ ಆಡುವುದು, ಚೆಂಡು ಮೇಟಿಕುಣಿಯಲ್ಲಿ ಬೀಳುವ ತನಕ. ಮಾಮಲೇದಾರರು ಬೂಟು ಹಾಕಿಕೊಂಡು ಬಂದಿದ್ದರು. ಹುಸೇನಜ್ಜ ಬೂಟಿನ ಕಡೆ ನೋಡಿದ. ಅವರು ಕುಳಿತು ಬಿಚ್ಚಿದರು. ಕಣದಲ್ಲಿ ಕೆರ ಮೆಟ್ಟಿ ಯಾರೂ ಕಾಲಿಡುವುದಿಲ್ಲ, ಮಾಮಲೇದಾರನಾದರೂ.

ಮೊದಲ ಕಡೆಯಿಂದ ಅವರಿಗೆ ಎರಡು ಹೊಡೆತ, ನನಗೂ ಎರಡು. ಎರಡನೆಯ ಕಡೆಯಿಂದ ಅವರಿಗೆ ಮೂರು, ನನಗೆ ಎರಡೇ. ಲಾಭ, ಎರಡು ಎಂದು ಎಣಿಸುವ ಹುಸೇನಜ್ಜನ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ಜನ ಇಷ್ಟು ಸುಮ್ಮನೆ ಕುಳಿತದ್ದನ್ನು ನಾನು ಧಾರವಾಡದ ಯಾವ ವ್ಯಾಖ್ಯಾನದಲ್ಲೂ ಕಂಡಿಲ್ಲ. ಮೂರನೆಯ ಕಡೆಯಿಂದ ಮಾಮಲೇದಾರರು ಎರಡಕ್ಕೆ ಮುಗಿಸಿದರು. ಅವರದು ಒಟ್ಟು ಏಳು, ನನ್ನವು ನಾಲ್ಕಾಗಿದ್ದವು. ಗಾಲ್ಫಿನಲ್ಲಿ ಕಡಿಮೆ ಹೊಡೆದವರದು ಗೆಲವು. ಎರಡರಲ್ಲಿ ಮುಗಿಸಿದರೆ ಕೋಲು ನನ್ನದು, ಮೂರಾದರೆ ಸಮ. ಲೆಕ್ಕ ಸುಲಭ. ಲೆಕ್ಕ ನನಗೆ ಎಂದೂ ಕೈಕೊಟ್ಟಿಲ್ಲ, ಕೈಕೊಟ್ಟದ್ದು ಕೈಯೇ.

ಕೋಲು ಹಿಂದಕ್ಕೆ ಹೋದಾಗ ಎದುರಿಗೆ ಆ ಮುಖಗಳೆಲ್ಲ ಕಂಡವು. ನನ್ನನ್ನು ಇಷ್ಟು ಜನ ಒಮ್ಮೆಗೇ ನೋಡಿದ್ದು ಅದೇ ಮೊದಲು. ಕುರ್ಪಿ ಮರೆತುಹೋಯಿತು, ಚಿಣ್ಣಿದಾಂಡು ನೆನಪಾಯಿತು. ಕೆಳಗಿನಿಂದ ಎತ್ತಿದೆ. ಚೆಂಡು ಕಣದ ಈ ತುದಿಯಿಂದ ಆ ತುದಿಗೆ ಬಾಣದ ಹಾಗೆ ಹೋಗಿ, ಕೂಳೆ ದಾಟಿ, ಎರೆಯ ಬಿರುಕಿನಲ್ಲಿ ಚೋಟುದ್ದ ಒಳಗೆ ಸಿಕ್ಕಿಕೊಂಡಿತು.

"ಕೈಲೆ ತಗದ ಹೊರಗ ಇಡವಾ, ಒಂದ ಹೊಡತ ಹೆಚ್ಚ ಹಿಡಿಯೂನು," ಎಂದು ಮಾಮಲೇದಾರರು ಮೆಲ್ಲಗೆ ಅಂದರು. ಒಳ್ಳೆಯ ಮಾತು, ನಿಯಮದ ಮಾತು. ಅದರಂತೆ ಮಾಡಿದ್ದರೆ ಸಮ ಆಗದಿದ್ದರೂ ಮರ್ಯಾದೆಯಿಂದ ಸೋಲುತ್ತಿದ್ದೆ. ನನಗೆ ರಿಯಾಯಿತಿ ಅಂದರೆ ಆಗದು. "ಬಿದ್ದಲ್ಲಿಂದನ ಹೊಡೀತೀನ್ರಿ" ಎಂದೆ. ಒಂದು ಹೊಡೆದೆ, ಮಣ್ಣಿನ ಹೆಂಟೆ ಬಂತು. ಇನ್ನೊಂದು ಹೊಡೆದೆ, ಹೆಂಟೆಯ ಜತೆ ಚೆಂಡೂ ಬಂತು. ಆಮೇಲೆ ಒಂದು ಚಿಪ್, ನನ್ನ ಜೀವನದಲ್ಲೇ ಅಷ್ಟು ಚಂದದ್ದು ಹೊಡೆದಿಲ್ಲ, ಕುಣಿಯ ಅಂಚಿಗೆ. ಇನ್ನೊಂದು ತಟ್ಟಿ ಒಳಗೆ. ಐದು. ಒಟ್ಟು ಒಂಬತ್ತು.

ಕೋಲನ್ನು ಸೆರಗಿನಿಂದ ಒರೆಸಿದೆ. ಕೊಡುವ ವಸ್ತು ಸ್ವಚ್ಛ ಇರಬೇಕು. ಮಾಮಲೇದಾರರು ಮುಗುಳ್ನಗುತ್ತ ಕೈ ಚಾಚಿದರು.

ಹುಸೇನಜ್ಜ ಎರಡೂ ಕುಪ್ಪೆಗಳ ಮೇಲೆ ಅಂಗೈ ಆಡಿಸಿ ಎದ್ದು ನಿಂತ. "ಸಾಹೇಬ್ರದು ಏಳು. ತಂಗೆವ್ವಂದು ಒಂಬತ್ತು. ತಂಗೆವ್ವನ ರಾಶಿ ಹೆಚ್ಚಾತು."

ಕಣದ ಸುತ್ತ ಒಮ್ಮೆಲೇ ಗದ್ದಲ ಎದ್ದಿತು. "ಹೆಚ್ಚಾತು, ಹೆಚ್ಚಾತು." ಹೆಂಗಸರು ದೃಷ್ಟಿ ತಾಕದಿರಲೆಂದು ನನಗೆ ಲಟಿಕೆ ಮುರಿದರು. ಯಾರೋ ತೆಂಗಿನಕಾಯಿ ತರಲು ಓಡಿದರು. ಕಣದಲ್ಲಿ ಕಡಿಮೆ ಬಂದವನು ಗೆಲ್ಲುತ್ತಾನೆಂಬ ಮಾತು ಆ ಜನರಲ್ಲಿ ಒಬ್ಬರ ತಲೆಯಲ್ಲೂ ಇರಲಿಲ್ಲ, ಇರುವುದಾದರೂ ಹೇಗೆ?

ಮಾಮಲೇದಾರರು ಬಾಯಿ ತೆರೆದರು. "ಅಲ್ಲೋ ಹುಸೇನಿ, ಈ ಆಟದಾಗ..."

"ಅಳದದ್ದ ಆತ್ರಿ ಸಾಹೇಬ್ರ," ಅಂದ ಹುಸೇನಜ್ಜ, ಬೀಜಗಳನ್ನು ಮತ್ತೆ ಮಡಿಲಿಗೆ ಹಾಕಿಕೊಳ್ಳುತ್ತ. "ಕಣದಾಗ ತಿರುಗಿ ಅಳೀಬಾರದು."

ಮೂವತ್ತು ವರ್ಷ ಸರಕಾರದ ಕಂದಾಯ ವಸೂಲು ಮಾಡಿದ ಮನುಷ್ಯ ಅವರು. ಎಷ್ಟೋ ಜನರ ರಾಶಿಯನ್ನು ಜಪ್ತಿ ಮಾಡಿಸಿದ್ದರಂತೆ. ಆದರೆ ಅಳೆದ ರಾಶಿಯನ್ನು ತಿರುಗಿ ಅಳೆಯಲು ಹೇಳುವ ಧೈರ್ಯ ಅವರಿಗೂ ಇರಲಿಲ್ಲ. ಬಾಯಿ ಮುಚ್ಚಿದರು. ನನ್ನನ್ನು ನೋಡಿದರು. ನಾನು ಮೇಟಿಕುಣಿಯನ್ನು ನೋಡಿದೆ. ನನ್ನದು ಮಾತು ಕಡಿಮೆ ಎಂದು ಅವ್ವ ಯಾವಾಗಲೂ ಬೈಯುತ್ತಾಳೆ. ಅಂದು ಆ ಗುಣ ಉಪಯೋಗಕ್ಕೆ ಬಂತು. ಕಾಕಾ ಆಕಾಶ ನೋಡುತ್ತಿದ್ದ, ಸಾಹೇಬರು ಹೊಡೆದ ಮೇಲೆ ನೋಡುತ್ತಿದ್ದಂತೆ. ಮಾಮಲೇದಾರರು ಬೂಟು ಹಾಕಿಕೊಂಡರು. ಲಾಡಿ ಕಟ್ಟಲು ಬಹಳ ಹೊತ್ತು ಹಿಡಿಯಿತು.

ಊಟಕ್ಕೆ ಕುಳಿತಾಗ ಆಯಿ ರೊಟ್ಟಿ ಬಡಿಯುತ್ತ ಕೇಳಿದಳು. "ಖರೇ ಯಾರು ಗೆದ್ರು?"

"ಸಾಹೇಬ್ರು," ಎಂದೆ.

"ಗೊತ್ತಿತ್ತು. ಅವರ ಮಾರಿ ನೋಡಿದ್ನಿ."

"ಕಣದಾಗ ಆದ ಮಾತು ಆತು," ಎಂದು ಕಾಕಾ ಲಗೂನೇ ಅಂದ. "ಹಂಗ ಅಲ್ಲೇನಬೇ?"

"ಹೌದು. ಕಣದಾಗ ಆದ ಮಾತು ಆತು." ಆಯಿ ರೊಟ್ಟಿ ತಿರುವಿ ಹಾಕಿದಳು. "ಕಣದ ಹೊರಗಿಂದು ಆಕಿಗೆ ಬಿಟ್ಟದ್ದು. ನೀ ಪಲ್ಲೆ ಹಾಕ್ಕೋ."

ಮರುದಿನ ಬೆಳಿಗ್ಗೆ ಕೋಲನ್ನು ಕಾಕಾನ ಹಳೆಯ ಧೋತರದಲ್ಲಿ ಸುತ್ತಿ ಮೊದಲ ಮೋಟಾರು ಹಿಡಿದೆ. ಕಂಡಕ್ಟರ್ "ಏನ್ರಿ ಅದು?" ಅಂದ. ಕುರ್ಪಿ ಎಂದೆ. ಅವನು ಅದರ ಉದ್ದ ನೋಡಿ ಟಿಕೀಟು ಹರಿದ. ಗಜೇಂದ್ರಗಡದಲ್ಲಿ ಮಾಮಲೇದಾರರು ಕಟ್ಟೆಯ ಮೇಲೆ ಕುಳಿತು ಬೇವಿನಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದರು. ಧೋತರ ಬಿಚ್ಚಿ ಕೋಲನ್ನು ಅವರ ಪಕ್ಕದಲ್ಲಿಟ್ಟೆ.

"ಏಳು, ಒಂಬತ್ತು. ನಿಮ್ಮದು ಇದು."

ಅವರು ಬಾಯಿ ಮುಕ್ಕಳಿಸಿ ಬಂದರು. "ನಿನ್ನಿ ಯಾಕ ಸುಮ್ಮನ ಇದ್ದಿ?"

"ನೀವೂ ಸುಮ್ಮನ ಇದ್ರಿ."

ಅವರು ಒಳಗಿನಿಂದ ಚಹಾ ತರಿಸಿದರು. ನಾನು ಕುಡಿಯುವಷ್ಟರಲ್ಲಿ ಕೋಲು ಹಿಡಿದು ಅಂಗಳಕ್ಕೆ ಇಳಿದರು. ಎರಡು ಸಲ ಬರಿಗಾಳಿಗೆ ಬೀಸಿದರು. ಮುಖದ ಮೇಲೆ ಹತ್ತು ವರ್ಷ ಕಡಿಮೆಯಾಯಿತು. ಕಾಲು ಸರಿಯಾಗಿ ಊರಿ, ಭಾರ ಮುಂದಕ್ಕೆ ಹಾಕಿ, ನೆಲದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು.

"ಚೆಂಡು?"

"ಶರತ್ತು ಕೋಲಿಂದಷ್ಟ ಇತ್ರಿ."

"ಈ ಗಜೇಂದ್ರಗಡದಾಗ ಗಾಲ್ಫ್ ಚೆಂಡು ಎಲ್ಲಿ ಸಿಗತಾವವಾ?"

"ಗಜೇಂದ್ರಗಡದಾಗ ಸಿಗೂದಿಲ್ರಿ. ರಾಜೂರಾಗ ಎರಡು ಅದಾವು. ದಿನಾ ಸಂಜೀಕ ಕಣದಾಗ ಇರತಾವು," ಎಂದು ಹೇಳಿ, ಬಟ್ಟಲು ಕೆಳಗಿಟ್ಟು, ಧೋತರವನ್ನು ನಾಲ್ಕು ಮಡಿಕೆ ಮಾಡಿ ಬಗಲಲ್ಲಿ ಇಟ್ಟುಕೊಂಡು, ತಿರುಗಿ ಹೋಗುವ ಮೋಟಾರು ಹಿಡಿಯಲು ಎದ್ದೆ.